ಲಾಗಿನ್ ಸ್ಕ್ರಿಪ್ಟ್‌ನಿಂದ ಸ್ಲೀಪ್ ತೆಗೆದ ಮೇಲೆ

ನಾನು ನೋಡಿಕೊಳ್ಳುವ ಆಫೀಸಿನಲ್ಲಿ ಬಿಲ್ಲಿಂಗ್‌ನವರು ಅಪ್ಲಿಕೇಶನ್ ಸರ್ವರ್‌ಗೆ ನೇರವಾಗಿ ಹೋಗುವುದಿಲ್ಲ. ಒಂದು ಐಕಾನ್ ಒತ್ತಿ, ಪಾಸ್‌ವರ್ಡ್ ಕೊಡುತ್ತಾರೆ. ಉಳಿದದ್ದು ನಡುವಿನ ಮಷಿನ್‌ನಲ್ಲಿರುವ ಎಕ್ಸ್‌ಪೆಕ್ಟ್ (ಪ್ರಶ್ನೆ ಬಂದಾಗ ಮನುಷ್ಯನ ಬದಲು ತಾನೇ ಉತ್ತರ ಟೈಪ್ ಮಾಡುವ ಸಾಧನ) ಸ್ಕ್ರಿಪ್ಟ್‌ನ ಕೆಲಸ. ಅದು ಎಸ್‌ಎಸ್‌ಎಚ್‌ನಲ್ಲಿ (ದೂರದ ಮಷಿನ್‌ಗೆ ಸುರಕ್ಷಿತವಾಗಿ ಹೋಗುವ ದಾರಿ) ಲಾಗಿನ್ ಆಗಿ, ಪ್ರೋಗ್ರಾಂ ಶುರು ಮಾಡಿ, ಸ್ಕ್ರೀನ್ ಅವರ ಕೈಗೆ ಕೊಡುತ್ತದೆ. ಬರೆದವನು ನಾನೇ.

ಬೆಳಿಗ್ಗೆ ಎಲ್ಲರೂ ಒಟ್ಟಿಗೆ ಬಂದು ಕೂತಾಗ ಮಾತ್ರ ತೊಂದರೆ. ಕೆಲವರಿಗೆ ಕನೆಕ್ಷನ್ ಕಟ್. ಇನ್ನೊಮ್ಮೆ ಒತ್ತಿದರೆ ಸಿಗುತ್ತಿತ್ತು. ಸರ್ವರ್ ಮೇಲೆ ಲೋಡ್ ಏನೂ ಇರಲಿಲ್ಲ. ನೆಟ್‌ವರ್ಕ್‌ನವರನ್ನು ಎರಡು ದಿನ ಸುಮ್ನೆ ಓಡಾಡಿಸಿದೆ.

ಕಾರಣ, ಸರ್ವರ್‌ನಲ್ಲಿ ಎಸ್‌ಎಸ್‌ಎಚ್ ನಡೆಸುವ ಓಪನ್‌ಎಸ್‌ಎಸ್‌ಎಚ್‌ನ ಮ್ಯಾಕ್ಸ್‌ಸ್ಟಾರ್ಟಪ್ಸ್ ಎಂಬ ಮಿತಿ. ಡಿಫಾಲ್ಟ್ ಆಗಿ ಅದು 10:30:100 ಇರುತ್ತದೆ. ಲಾಗಿನ್ ಇನ್ನೂ ಮುಗಿಯದ ಕನೆಕ್ಷನ್‌ಗಳು 10 ಆದವು ಅಂದರೆ, ಹೊಸದಾಗಿ ಬರುವವುಗಳಲ್ಲಿ ಶೇ. 30ರಷ್ಟನ್ನು ಸರ್ವರ್ ಕೈಬಿಡಲು ಶುರು ಮಾಡುತ್ತದೆ. ಜಾಸ್ತಿಯಾದಂತೆ ಆ ಪ್ರಮಾಣವೂ ಏರುತ್ತದೆ. 100ಕ್ಕೆ ಬಾಗಿಲು ಪೂರ್ತಿ ಬಂದ್. ನನ್ನ ಸ್ಕ್ರಿಪ್ಟ್ ಪಾಸ್‌ವರ್ಡ್ ಕಳಿಸುವ ಮುಂಚೆ 'ಸ್ಲೀಪ್ 5' ಅಂತ ಕಾಯುತ್ತಿತ್ತು. ಒಬ್ಬೊಬ್ಬರೂ ಐದು ಸೆಕೆಂಡ್ ಬಾಗಿಲಲ್ಲೇ ನಿಂತರೆ ಹತ್ತು ಜನ ಸೇರುವುದು ಎಷ್ಟು ಹೊತ್ತು?

ಮಿತಿ ಏರಿಸಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ತಪ್ಪು ಸರ್ವರ್‌ನದಲ್ಲ ಅಲ್ವಾ? ಸ್ಲೀಪ್‌ಗಳನ್ನೆಲ್ಲ ಕಿತ್ತುಹಾಕಿದೆ. ಸರ್ವರ್ ಪಾಸ್‌ವರ್ಡ್ ಕೇಳಿದ ಕೂಡಲೇ ಕಳಿಸುವುದು, ಕೇಳದಿದ್ದರೆ ಕಳಿಸದಿರುವುದು. ಬೆಳಗಿನ ದೂರುಗಳು ನಿಂತವು.

ಆ ಹೊತ್ತಿಗೆ ಅದಕ್ಕಿಂತ ಕೆಟ್ಟದ್ದು ಕಣ್ಣಿಗೆ ಬಿತ್ತು. ಪಾಸ್‌ವರ್ಡ್ ಕಳಿಸಿದ ಮೇಲೆ 'ಎಕ್ಸ್‌ಪ್ ಕಂಟಿನ್ಯೂ' ಹಾಕಿದ್ದೆ, ಅಂದರೆ ಅದೇ ಪ್ರಶ್ನೆಗಳಿಗೆ ಮತ್ತೆ ಕಾಯುತ್ತಿರು ಅಂತ. ಯಾರಾದರೂ ಒಂದಕ್ಷರ ತಪ್ಪು ಒತ್ತಿದರೆ ಸರ್ವರ್ ಮತ್ತೆ ಕೇಳುತ್ತದೆ, ಸ್ಕ್ರಿಪ್ಟ್ ಅದೇ ತಪ್ಪನ್ನು ಮತ್ತೆ ಕಳಿಸುತ್ತದೆ. ಎಸ್‌ಎಸ್‌ಎಚ್ ಸಾಮಾನ್ಯವಾಗಿ ಮೂರು ಸಲ ಕೇಳುತ್ತದೆ. ನಮ್ಮಲ್ಲಿ ಮೂರು ತಪ್ಪಿಗೆ ಅಕೌಂಟ್ ಲಾಕ್. ಪಾಪ, ಅವರು ತಪ್ಪಿದ್ದು ಒಂದೇ ಸಲ. ಲಾಕ್ ತೆಗೆಸಲು ಬಂದವರಿಗೆ 'ನೋಡಿಕೊಂಡು ಟೈಪ್ ಮಾಡಿ' ಅಂತ ಎಷ್ಟು ಸಲ ಹೇಳಿದ್ದೇನೋ. ಅದು ಈಗಲೂ ಬೇಜಾರು.

ಈಗ ಒಂದು ಎಣಿಕೆ ಇಟ್ಟಿದ್ದೇನೆ. ಎರಡನೇ ಸಲ ಪಾಸ್‌ವರ್ಡ್ ಕೇಳಿದರೆ ಸ್ಕ್ರಿಪ್ಟ್ ಅಲ್ಲಿಗೇ ಕನೆಕ್ಷನ್ ಮುಚ್ಚುತ್ತದೆ. ಪಾಸ್‌ವರ್ಡ್ ಅವಧಿ ಮುಗಿದಾಗ ಬರುವ 'ನ್ಯೂ ಪಾಸ್‌ವರ್ಡ್' ಎಂಬ ಪ್ರಶ್ನೆಯಲ್ಲೂ ಅದೇ ಪದ ಇದೆ. ಆದ್ದರಿಂದ ಅದನ್ನು, ಸ್ಕ್ರಿಪ್ಟ್ ಕಾಯಬೇಕಾದ ಪದಗಳ (ಪ್ಯಾಟರ್ನ್‌ಗಳ) ಪಟ್ಟಿಯಲ್ಲಿ ಮೇಲೆ ಬರೆದೆ. ಎಕ್ಸ್‌ಪೆಕ್ಟ್ ಪ್ಯಾಟರ್ನ್‌ಗಳನ್ನು ಬರೆದ ಕ್ರಮದಲ್ಲೇ ನೋಡುತ್ತದೆ, ಮೊದಲು ಹೊಂದಿದ್ದನ್ನು ಹಿಡಿಯುತ್ತದೆ.

ಟೈಮ್‌ಔಟ್ ವಿಷಯದಲ್ಲೂ ಹುಷಾರು. ಉತ್ತರಕ್ಕೆ ಕಾಯುವ ಈ ಮಿತಿ ಡಿಫಾಲ್ಟ್ ಆಗಿ 10 ಸೆಕೆಂಡ್. ಟೈಮ್‌ಔಟ್‌ಗೆ ಏನು ಮಾಡಬೇಕೆಂದು ಬರೆಯದಿದ್ದರೆ ಸ್ಕ್ರಿಪ್ಟ್ ನಿಲ್ಲುವುದಿಲ್ಲ, ಏನೂ ಆಗದ ಹಾಗೆ ಮುಂದಿನ ಸಾಲಿಗೆ ಹೋಗುತ್ತದೆ. ಟೈಮ್‌ಔಟ್ ಆದರೆ ಉತ್ತರವಿಲ್ಲ, ಇಒಎಫ್ (ಕನೆಕ್ಷನ್ ಮುಗಿದ ಗುರುತು) ಬಂದರೆ ಆ ಕಡೆಯಿಂದ ಮುಚ್ಚಿದ್ದಾರೆ. ಎರಡಕ್ಕೂ, ಪಾಸ್‌ವರ್ಡ್ ಅವಧಿ ಮುಗಿದದ್ದಕ್ಕೂ ಬೇರೆ ಬೇರೆ ಸಂದೇಶ ಕೊಟ್ಟೆ, ಕನ್ನಡದಲ್ಲೇ. ಮೊದಲು 'ಎರರ್ 1' ಬಂತು ಅಂತ ಫೋನ್ ಮಾಡುತ್ತಿದ್ದ ಬಿಲ್ಲಿಂಗ್ ಮೇಡಂ ಮೊನ್ನೆ, 'ಸರ್, ಪಾಸ್‌ವರ್ಡ್ ಅವಧಿ ಮುಗಿದಿದೆ ಅಂತಿದೆ, ಬದಲಾಯಿಸಿಕೊಡಿ' ಅಂದರು.