ತೋಟದ ಕೆರೆಯಲ್ಲಿ ಜೋಡಿ ಗಾಳ: ಒಬ್ಬ ಕೂರಬೇಕು, ಒಬ್ಬ ಹುಡುಕಬೇಕು

ಸಕಲೇಶಪುರ, ಮೂಡಿಗೆರೆ ಕಡೆಯ ತೋಟದ ಕೆರೆಗಳಲ್ಲಿ ಜೋಡಿಯಾಗಿ ಗಾಳದ ಸ್ಪರ್ಧೆಗೆ ಕೂರುವಾಗ ನಾವಿಬ್ಬರು ಪಾಲಿಸುವ ಕ್ರಮ ಇದು. ನಾವು ಕೂತ ಕಡೆಯೆಲ್ಲ ನಿಯಮ ಹೆಚ್ಚುಕಡಿಮೆ ಒಂದೇ: ಚೀಟಿ ಎತ್ತಿ ಜಾಗ, ತಲೆಗೊಂದು ಕೋಲು, ಆರು ಗಂಟೆ ಸಮಯ, ಕೊನೆಗೆ ಇಬ್ಬರ ಮೀನಿನ ಒಟ್ಟು ತೂಕ. ಇಬ್ಬರೂ ಒಂದೇ ಆಳಕ್ಕೆ ಒಂದೇ ಹಿಟ್ಟು ಕಟ್ಟಿ ಕೂತರೆ ಜೋಡಿಯ ಲಾಭವೇ ಇಲ್ಲ. ಒಬ್ಬ ಒಂದು ಜಾಗಕ್ಕೆ ಮೇವು ಹಾಕಿ ಅದನ್ನು ಬಿಡದೆ ಕಾಯಬೇಕು. ಇನ್ನೊಬ್ಬ ಆಳ, ದೂರ, ಮೇವು ಬದಲಿಸುತ್ತಾ ಮೀನು ಎಲ್ಲಿದೆ ಎಂದು ಹುಡುಕಬೇಕು.

ಕೆರೆಗೆ ಯಾವ ಮರಿ ಬಿಟ್ಟಿದ್ದಾರೆ ಎಂದು ತೋಟದವರನ್ನು ಮೊದಲೇ ಕೇಳಿಕೊಳ್ಳಿ. ಊರ ಕೆರೆಯಾದರೆ ಪಾಶುವಾರು, ಅಂದರೆ ಮೀನು ಹಿಡಿಯುವ ಗುತ್ತಿಗೆ, ಹಿಡಿದವರ ಒಪ್ಪಿಗೆ ಇಲ್ಲದೆ ಗಾಳ ಇಳಿಸಬೇಡಿ. ಕಾಟ್ಲಾದ ಬಾಯಿ ಮೇಲ್ಮುಖ, ಅದು ಮೇಲ್ನೀರಿನ ಮೀನು. ರೋಹು ನಡುನೀರಿನದು. ಸಾಮಾನ್ಯ ಗೆಂಡೆ ತಳದ ಕೆಸರು ಕೆದಕುತ್ತದೆ. ನಮ್ಮಲ್ಲಿ ಕಾಯುವವನ ಗುರಿ ತಳದ ಗೆಂಡೆ, ಹುಡುಕುವವನದು ರೋಹು ಮತ್ತು ಕಾಟ್ಲಾ.

ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹೊಡೆದ ಮೇಲೆ ಕೆರೆ ಇಳಿದಿರುತ್ತದೆ. ಆಗ ದೊಡ್ಡ ಮೀನು ಏರಿಯ ಬುಡದ ಆಳಕ್ಕೆ, ತೂಬಿನ ಕಡೆಗೆ ಸರಿಯುತ್ತದೆ. ಚೀಟಿಯಲ್ಲಿ ಹಿಂಗೆರೆಯ, ಅಂದರೆ ಏರಿಯಿಂದ ದೂರದ ಹಿಂಬದಿಯ, ತೆಳುನೀರು ಬಂದರೆ ಎದೆಗುಂದಬೇಕಿಲ್ಲ. ಗಾಳಿ ನಿಮ್ಮ ದಡಕ್ಕೆ ಹೊಡೆಯುತ್ತಿದ್ದರೆ ನೀರಿನ ಮೇಲಿನ ಹುಳ, ಹೂವು ಎಲ್ಲ ಅಲ್ಲಿಗೇ ಬಂದು ಸೇರುತ್ತವೆ, ಹಿಂದೆಯೇ ಮೀನು ಬರುತ್ತದೆ. ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹಸಿವಲ್ಲ, ಉಸಿರಿನ ಕಷ್ಟ. ಬಿಸಿಲೇರುವ ತನಕ ಮೇವು ಸುರಿಯಬೇಡಿ.

ಸಾಮಾನು ಸರಳ: ಹತ್ತು ಅಡಿಯ ಕೋಲು, 4000 ಸೈಜಿನ ರೀಲು, 0.30 ಮಿಲಿಮೀಟರ್ ನೈಲಾನ್ ದಾರ. ಗೆಂಡೆಗೆ 6ನೇ ನಂಬರ್ ಕೊಕ್ಕೆ, ರೋಹುವಿಗೆ 8. ನಂಬರ್ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು ಎಂಬುದು ಹೊಸಬರಿಗೆ ತಲೆಕೆಳಗಾಗಿ ಕಾಣುತ್ತದೆ. ಗಂಟು ಬಿಗಿಯುವ ಮೊದಲು ಎಂಜಲಿನಿಂದ ಒದ್ದೆ ಮಾಡಿ. ಒಣಗಂಟು ಬಿಗಿಯುವಾಗ ಉಜ್ಜಿ ಬಿಸಿಯಾಗಿ ದಾರದ ಬಲ ಕುಗ್ಗುತ್ತದೆ, ದೊಡ್ಡ ಮೀನು ಅಲ್ಲೇ ಕಡಿದುಕೊಂಡು ಹೋಗುತ್ತದೆ. ಈ ದಾರಕ್ಕೆ ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಟ್ಟುಕೊಡುವ ಬಿಗಿ) ಸುಮಾರು ಒಂದೂವರೆ ಕೆಜಿ ಎಳೆತಕ್ಕೆ ಬಿಡುವಂತಿರಬೇಕು. ಕೈಯಂದಾಜು ನಂಬಬೇಡಿ, ಸ್ಪ್ರಿಂಗ್ ತಕ್ಕಡಿಗೆ ದಾರ ಸಿಕ್ಕಿಸಿ ಎಳೆದು ನೋಡಿ.

ಇಬ್ಬರಿಗೆ ಆರು ಗಂಟೆಗೆ ಎರಡು ಕೆಜಿ ಕಡಲೆಕಾಯಿ ಹಿಂಡಿ, ಎರಡು ಕೆಜಿ ಅಕ್ಕಿ ತೌಡು, ಅರ್ಧ ಕೆಜಿ ಮುಸುಕಿನ ಜೋಳದ ಹಿಟ್ಟು, ಕಾಲು ಕೆಜಿ ಬೆಲ್ಲ ಸಾಕು. ಹಿಂಡಿಯನ್ನು ಪುಡಿಮಾಡಿ ಘಮ ಬರುವಷ್ಟು ಹುರಿಯಿರಿ, ಕಪ್ಪಾಗಲು ಬಿಡಬೇಡಿ. ಕಲಸುವುದು ಕೆರೆಯ ದಡದಲ್ಲೇ, ಅದೇ ಕೆರೆಯ ನೀರಿನಲ್ಲಿ. ನಲ್ಲಿ ನೀರಿನ ಕ್ಲೋರಿನ್ ವಾಸನೆ ಮೇವಿನಲ್ಲಿ ಬೇಡ. ನೀರನ್ನು ಚಿಮುಕಿಸುತ್ತಾ ಕಲಸಿ, ಕಾಲು ಗಂಟೆ ಬಿಟ್ಟು ಮತ್ತೆ ಕೈಯಾಡಿಸಿ, ಏಕೆಂದರೆ ತೌಡು ನಿಧಾನಕ್ಕೆ ನೀರು ಕುಡಿಯುತ್ತದೆ. ಕಿತ್ತಳೆ ಗಾತ್ರದ ಉಂಡೆ ಒಂದೇ ಹಿಡಿತಕ್ಕೆ ನಿಲ್ಲಬೇಕು, ಹೆಬ್ಬೆರಳು ಒತ್ತಿದರೆ ಒಡೆಯಬೇಕು. ಒಣಗಿದ್ದರೆ ನೀರಿಗೆ ಬಿದ್ದ ಕೂಡಲೇ ಚದುರಿ ಮೇಲಿನ ಸಣ್ಣ ಮೀನಿನ ಪಾಲಾಗುತ್ತದೆ. ಅಂಟಾಗಿದ್ದರೆ ಮುದ್ದೆಯ ಹಾಗೆ ತಳದಲ್ಲಿ ಕೂತು ಹುಳಿಯುತ್ತದೆ.

ಕೊಕ್ಕೆಗೆ ಕಟ್ಟುವ ಹಿಟ್ಟು ಬೇರೆ. ಇನ್ನೂರು ಗ್ರಾಂ ಮೈದಾ, ನೂರು ಗ್ರಾಂ ಹುರಿಗಡಲೆ ಹಿಟ್ಟು, ಒಂದು ಚಮಚ ಸೋಂಪಿನ ಪುಡಿ ಗಟ್ಟಿಯಾಗಿ ನಾದಿ, ಹತ್ತಿಯ ಎಳೆಗಳನ್ನು ಬಿಡಿಸಿ ಸೇರಿಸಿ ಮತ್ತೆ ನಾದಬೇಕು. ಹತ್ತಿ ಇಲ್ಲದಿದ್ದರೆ ಎಸೆಯುವಾಗಲೇ ಹಿಟ್ಟು ಉದುರಿ, ನೀವು ಬರೀ ಕೊಕ್ಕೆ ಕಾಯುತ್ತೀರಿ. ತಿಪ್ಪೆಯ ಎರೆಹುಳು ಒಂದು ಡಬ್ಬಿ ಜೊತೆಗಿರಲಿ. ಹಿಟ್ಟಿಗೆ ಜಿಲೇಬಿ ಮೀನು (ತಿಲಾಪಿಯಾ) ಕಾಟ ಕೊಟ್ಟರೆ ಎರೆಹುಳು ಹಾಕಬೇಡಿ, ಕಾಟ ಇಮ್ಮಡಿಯಾಗುತ್ತದೆ. ಉಂಡೆಯನ್ನು ದೊಡ್ಡದು, ಗಟ್ಟಿಯದು ಮಾಡಿ.

ಕೋಲು ಬಿಚ್ಚಿದ ಮೇಲೆ ಮೊದಲ ಕೆಲಸ ಆಳ ಅಳೆಯುವುದು. ಕೊಕ್ಕೆಗೆ ಸೀಸದ ಗುಂಡು ಸಿಕ್ಕಿಸಿ ಎಸೆಯಿರಿ. ಬೆಂಡು (ದಾರಕ್ಕೆ ಕಟ್ಟಿದ ತೇಲುವ ಗುರುತು) ಮುಳುಗಿದರೆ ಆಳ ಜಾಸ್ತಿ, ಅಡ್ಡ ಮಲಗಿದರೆ ದಾರ ಜಾಸ್ತಿ. ಎಂಟು ಅಡಿಗಿಂತ ಆಳವಿದ್ದರೆ ದಾರದ ಮೇಲೆ ಜಾರುವ ಬೆಂಡು ಹಾಕಿ, ಮೇಲೆ ತಡೆಗಂಟು ಕಟ್ಟಿ. ಆಮೇಲೆ ಎದುರು ದಡದ ಒಂದು ಸಿಲ್ವರ್ ಓಕ್ ಮರವನ್ನು ಗುರುತಿಟ್ಟುಕೊಂಡು, ರೀಲಿನ ಕ್ಲಿಪ್ಪಿಗೆ ದಾರ ಸಿಕ್ಕಿಸಿ ದೂರ ಗೊತ್ತು ಮಾಡಿ. ದೊಡ್ಡ ಮೀನು ಕಚ್ಚುವ ಮುಂಚೆ ಆ ಕ್ಲಿಪ್ ಬಿಡಿಸುವುದು ಮರೆತರೆ ದಾರ ಹರಿಯಿತೆಂದೇ ಲೆಕ್ಕ. ಆ ಗುರುತಿಗೆ ಮೊದಲ ಹತ್ತು ನಿಮಿಷದಲ್ಲಿ ಹತ್ತು ಉಂಡೆ, ಆಮೇಲೆ ಇಪ್ಪತ್ತು ನಿಮಿಷಕ್ಕೊಂದು. ಬೇಸರಕ್ಕೆ ಉಂಡೆ ಎಸೆಯಬೇಡಿ. ಹೊಟ್ಟೆ ತುಂಬಿದ ಮೀನು ಕೊಕ್ಕೆಗೆ ಬರುವುದಿಲ್ಲ.

ಬೆಂಡು ಓದುವುದೇ ಈ ಕೆಲಸದ ಜೀವ. ಟಕಟಕ ಕುಣಿದರೆ ಜಿಲೇಬಿ. ಸಣ್ಣಗೆ ನಡುಗಿ, ನಿಂತು, ಓರೆಯಾಗಿ ಜಾರಿದರೆ ಹೆಚ್ಚಾಗಿ ರೋಹು. ಗೆಂಡೆಯದು ಬೇರೆಯೇ ಬಗೆ. ಕೊಕ್ಕೆಗೆ ಮೂರು ಬೆರಳು ದೂರದಲ್ಲಿ ಸೀಸವಿದ್ದರೆ, ಗೆಂಡೆ ಹಿಟ್ಟು ಹೀರಿ ತಲೆ ಎತ್ತುವಾಗ ಸೀಸವೂ ತಳ ಬಿಟ್ಟು ಏಳುತ್ತದೆ. ಭಾರ ಇಳಿದ ಬೆಂಡು ನಿಧಾನಕ್ಕೆ ಮೇಲೆ ಬಂದು, ಕೆಂಪು ಕುತ್ತಿಗೆ ಪೂರ್ತಿ ಕಂಡು, ಪಕ್ಕಕ್ಕೆ ಮಲಗುತ್ತದೆ. ಮಲಗುವ ಆ ಹೊತ್ತಿಗೇ ಕೋಲು ಎತ್ತಬೇಕು. ಮುಳುಗಲಿ ಎಂದು ಕಾದರೆ ಗೆಂಡೆ ಹಿಟ್ಟನ್ನು ಉಗುಳಿರುತ್ತದೆ.

ಒಬ್ಬನಿಗೆ ದೊಡ್ಡದು ಕಚ್ಚಿದ ಕೂಡಲೇ ಇನ್ನೊಬ್ಬ ತನ್ನ ಗಾಳ ಸುತ್ತಿ ದಡಕ್ಕೆ ಹಾಕಬೇಕು. ತನಗೂ ಕಚ್ಚೀತು ಎಂಬ ಆಸೆಗೆ ಬಿಟ್ಟುಕೊಂಡರೆ ಎರಡು ದಾರ ಹೆಣೆದುಕೊಂಡು ಮೀನು ತಪ್ಪುತ್ತದೆ. ಜೋಡಿಗಳು ಹೆಚ್ಚು ತೂಕ ಕಳೆದುಕೊಳ್ಳುವುದು ಇಲ್ಲೇ. ಕೈಬಲೆ ಹಿಡಿದವನು ಬಲೆಯನ್ನು ನೀರಿನಲ್ಲಿ ಮುಳುಗಿಸಿ ಅಲ್ಲಾಡದೆ ಹಿಡಿಯಬೇಕು. ಕೋಲಿನವನು ಮೀನನ್ನು ತಲೆ ಮುಂದಾಗಿ ಬಲೆಯ ಮೇಲೆ ತರಬೇಕು. ಬಾಲದ ಕಡೆಯಿಂದ ಬಾಚಿದರೆ ಮೀನು ಮುಂದಕ್ಕೆ ನುಗ್ಗುತ್ತದೆ, ಬಲೆಯ ಬಳೆ ದಾರಕ್ಕೆ ತಾಗಿ ಕೊಕ್ಕೆ ಕಿತ್ತು ಬರುತ್ತದೆ. ಪ್ರತಿ ದೊಡ್ಡ ಮೀನಿನ ನಂತರ ಕೊನೆಯ ಒಂದು ಮೀಟರ್ ದಾರವನ್ನು ಉಗುರಿನ ನಡುವೆ ಎಳೆದು ನೋಡಿ. ಒರಟು ಸಿಕ್ಕರೆ ಕತ್ತರಿಸಿ ಹೊಸ ಗಂಟು ಹಾಕಿ. ಕೆರೆಯಲ್ಲಿ ಮುಳುಗಿದ ಕೊರಡುಗಳು ದಾರವನ್ನು ಸವೆಸಿರುತ್ತವೆ.

ಎರಡು ಗಂಟೆಯಾದರೂ ಕಾಯುವವನಿಗೆ ಒಂದೂ ಬಾರದೆ, ಹುಡುಕುವವನಿಗೆ ನಡುನೀರಿನಲ್ಲಿ ಎರಡು ಬಂದರೆ, ಕಾಯುವವನೂ ಆಳ ಬದಲಿಸಬೇಕು. ಆಗಲೂ ಮೇವಿನ ಜಾಗ ಬದಲಿಸಬಾರದು.

ಅಮೆರಿಕದಲ್ಲಿ ಬಾಸ್ ಎಂಬ ಮೀನು ಹಿಡಿಯುವ ಸ್ಪರ್ಧೆಗಳಲ್ಲಿ ಸಾಮಾನ್ಯವಾಗಿ ಐದು ಮೀನಿನ ಮಿತಿ ಇರುತ್ತದೆ, ಸತ್ತ ಮೀನಿಗೆ ತೂಕ ಕಡಿತವಾಗುತ್ತದೆ. ಆ ಕಡಿತ ನಮ್ಮಲ್ಲೂ ಬರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ನಿಯಮ ಇರಲಿ ಬಿಡಲಿ, ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿ, ಇಲ್ಲದಿದ್ದರೆ ಮೈಮೇಲಿನ ಲೋಳೆ ಕಿತ್ತು ಆಮೇಲೆ ಅಲ್ಲಿ ಬೂಜು ಹಿಡಿಯುತ್ತದೆ. ಕಿವಿರಿಗೆ ಬೆರಳು ಹಾಕಿ ಎತ್ತಬೇಡಿ. ಹಿಡಿದ ಮೀನನ್ನು ಜೀವಂತ ಇಡುವ ಬಲೆಚೀಲವನ್ನು ದಡದ ಬೆಚ್ಚನೆಯ ತೆಳುನೀರಿನಲ್ಲಿ ಬಿಡದೆ, ನೆರಳಿರುವ ಮೂರು ಅಡಿ ನೀರಿಗೆ ಗೂಟ ಹೊಡೆದು ಕಟ್ಟಿ. ತೂಕಕ್ಕೆ ಒದ್ದೆ ಚೀಲವನ್ನೇ ಬಳಸಿ, ಖಾಲಿ ಒದ್ದೆ ಚೀಲದ ತೂಕವನ್ನು ಮೊದಲೇ ಬರೆದಿಟ್ಟು ಕಳೆಯಿರಿ. ಕೆರೆಗೆ ಮರಳಿ ಬಿಡುವಾಗ ಎಸೆಯದೆ, ನೀರಿನಲ್ಲಿ ನೆಟ್ಟಗೆ ಹಿಡಿದುಕೊಂಡು ಅದು ತಾನಾಗಿ ಬಾಲ ಬೀಸಿ ಕೈಯಿಂದ ಜಾರುವ ತನಕ ಕಾಯಿರಿ.