ವರ್ಕ್ ಪರ್ಮಿಟ್‌ಗೆ ಬಿಸಿನೆಸ್ ಪ್ಲಾನ್: ನೀವೇ ಕೂತು ಬರೆಯಿರಿ

ಊರಲ್ಲಿ ಹತ್ತು ಹದಿನೈದು ವರ್ಷ ಸ್ವಂತ ಉದ್ಯೋಗ ಮಾಡಿದವರು ಕೆನಡಾಕ್ಕೆ ಬಂದ ಮೇಲೆ, ಕೆಲವರು ಬರುವ ಮುಂಚೆಯೇ, ನಮ್ಮ ಸಂಘದವರನ್ನು ಒಂದು ಮಾತು ಕೇಳುತ್ತಾರೆ. ಇಲ್ಲಿ ನನ್ನದೇ ಬಿಸಿನೆಸ್ ಶುರು ಮಾಡಿ, ಅದರ ಮೇಲೆ ವರ್ಕ್ ಪರ್ಮಿಟ್ ಕೇಳಬಹುದಾ? ಕೇಳಬಹುದು. ಸಿ11 ಅನ್ನುವ ದಾರಿ ಇದೆ. ಆ ಅರ್ಜಿಯ ಜೀವ ಇರುವುದು ಬಿಸಿನೆಸ್ ಪ್ಲಾನ್‌ನಲ್ಲಿ. ಬೇರೆ ಫಾರಂಗಳನ್ನೆಲ್ಲ ಒಂದು ವಾರದಲ್ಲಿ ತುಂಬಬಹುದು, ಪ್ಲಾನ್ ಹಾಗಲ್ಲ, ಅದಕ್ಕೆ ಎರಡು ಮೂರು ತಿಂಗಳು ತಿರುಗಾಟ ಬೇಕು.

ಮೊದಲು ನಿಮಗೆ ಈ ದಾರಿ ನಿಜಕ್ಕೂ ಬೇಕಾ ನೋಡಿಕೊಳ್ಳಿ. ನಿಮ್ಮ ಹತ್ತಿರ ಆಗಲೇ ಓಪನ್ ವರ್ಕ್ ಪರ್ಮಿಟ್ (ಒಬ್ಬ ಮಾಲೀಕರಿಗೆ ಮಾತ್ರ ಕಟ್ಟಿಹಾಕದ ಪರ್ಮಿಟ್) ಇದ್ದರೆ, ಉದಾಹರಣೆಗೆ ಗಂಡನ ಅಥವಾ ಹೆಂಡತಿಯ ಕೆಲಸದ ಮೇಲೆ ಸಿಕ್ಕಿದ್ದು, ಅದರಲ್ಲೇ ಸ್ವಂತ ಬಿಸಿನೆಸ್ ಮಾಡಬಹುದು. ಇನ್ನೊಂದು ವಿಷಯ ತುಂಬಾ ಜನರಿಗೆ ತಡವಾಗಿ ಗೊತ್ತಾಗುತ್ತದೆ: ಸ್ವಂತ ಉದ್ಯೋಗದಲ್ಲಿ ಇಲ್ಲಿ ಗಳಿಸಿದ ಅನುಭವ ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್ ಅನ್ನುವ, ಇಲ್ಲಿನ ಕೆಲಸದ ಅನುಭವದ ಮೇಲೆ ಪಿಆರ್ (ಕಾಯಂ ವಾಸದ ಅನುಮತಿ) ಕೊಡುವ ಯೋಜನೆಗೆ ಲೆಕ್ಕಕ್ಕೆ ಬರುವುದಿಲ್ಲ. ಪಿಆರ್ ಒಂದೇ ಗುರಿ ಇಟ್ಟುಕೊಂಡು ಸಿ11 ಹಿಡಿಯುವವರು ಇದನ್ನು ಗಂಡ ಹೆಂಡತಿ ಇಬ್ಬರೂ ಕೂತು ಮಾತಾಡಿ, ಆಮೇಲೆ ದುಡ್ಡು ಹಾಕಿ. ಹೆಚ್ಚಿನವರ ವಿಷಯದಲ್ಲಿ ಅದು ಮನೆಯವರ ಅಷ್ಟೂ ವರ್ಷದ ಉಳಿತಾಯ, ಅಲ್ವಾ.

ಅಧಿಕಾರಿ ಏನು ಹುಡುಕುತ್ತಾರೆ

ವಲಸೆ ನಿಯಮಾವಳಿಯ 205(ಎ) ಅನ್ನುವ ಕಲಂ ಇದರ ಬುಡ. ನೀವು ಮಾಡುವ ಕೆಲಸದಿಂದ ಕೆನಡಾದ ನಾಗರಿಕರಿಗೆ ಮತ್ತು ಪಿಆರ್ ಇರುವವರಿಗೆ ಗಣನೀಯವಾದ ಸಾಮಾಜಿಕ, ಸಾಂಸ್ಕೃತಿಕ ಅಥವಾ ಆರ್ಥಿಕ ಲಾಭ ಆಗಬೇಕು ಅಂತ ಅದು ಹೇಳುತ್ತದೆ. ಅದನ್ನು ತೋರಿಸಿದರೆ ಎಲ್‌ಎಂಐಎ (ಈ ಕೆಲಸಕ್ಕೆ ಇಲ್ಲಿಯವರು ಸಿಗುತ್ತಿಲ್ಲ ಅಂತ ಸರ್ಕಾರ ಕೊಡುವ ಒಪ್ಪಿಗೆ) ಬೇಕಾಗುವುದಿಲ್ಲ. ಬಿಸಿನೆಸ್‌ನಲ್ಲಿ ನಿಮ್ಮ ಪಾಲು ಸಾಮಾನ್ಯವಾಗಿ ಕನಿಷ್ಠ ಶೇ 50 ಇರಬೇಕು, ಹೆಸರಿಗೆ ಮಾತ್ರ ಪಾಲುದಾರ ಅನ್ನುವುದು ನಡೆಯುವುದಿಲ್ಲ.

ಹಾಗಾಗಿ ಬ್ಯಾಂಕ್ ಸಾಲಕ್ಕೆ ಬರೆಯುವ ಪ್ಲಾನ್‌ಗೂ ಇದಕ್ಕೂ ವ್ಯತ್ಯಾಸ ಇದೆ. ಬ್ಯಾಂಕಿನವರು ನಮ್ಮ ದುಡ್ಡು ವಾಪಸ್ ಬರುತ್ತಾ ಅಂತ ನೋಡುತ್ತಾರೆ. ಇಲ್ಲಿ ಅಧಿಕಾರಿ ನೋಡುವುದು, ಈ ಮನುಷ್ಯ ಬಂದರೆ ಇಲ್ಲಿಯವರಿಗೆ ಏನು ಸಿಗುತ್ತದೆ, ಇವರ ಕೈಲಿ ಇದು ಆಗುತ್ತಾ, ದುಡ್ಡು ನಿಜವಾಗಲೂ ಇದೆಯಾ, ಪರ್ಮಿಟ್ ಮುಗಿದರೆ ಹೊರಡುತ್ತಾರಾ ಅಂತ. ಇಲ್ಲಿಯವರಿಗೆ ಕೆಲಸ, ಸಣ್ಣ ಊರಿಗೆ ಇಲ್ಲದ ಸೇವೆ, ರಫ್ತು, ಹೊಸ ಕೌಶಲ ಕಲಿಸುವುದು, ಇಂಥವು ಲಾಭದ ಲೆಕ್ಕಕ್ಕೆ ಬರುತ್ತವೆ. ನಿಮ್ಮ ಜೀವನ ಸುಧಾರಿಸುತ್ತದೆ ಅನ್ನುವುದು ಬರುವುದಿಲ್ಲ.

ಒಂದು ಉದಾಹರಣೆ ಹಿಡಿದು ನೋಡೋಣ

ಮೆಷಿನ್ ಶಾಪ್‌ಗಳಿಗೆ ಮೊಂಡಾದ ಡ್ರಿಲ್, ಎಂಡ್ ಮಿಲ್ ಥರದ ಲೋಹ ಕೊರೆಯುವ ಟೂಲ್‌ಗಳನ್ನು ಸಾಣೆ ಹಿಡಿದು ಕೊಡುವ ಕೆಲಸ ಊರಲ್ಲಿ ಹದಿನಾಲ್ಕು ವರ್ಷ ಮಾಡಿದ ಒಬ್ಬರು ಇದ್ದಾರೆ ಅಂದುಕೊಳ್ಳಿ. ಒಂಟಾರಿಯೊದ ಕಿಚನರ್, ಕೇಂಬ್ರಿಡ್ಜ್ ಸುತ್ತ ಅದನ್ನೇ ಶುರು ಮಾಡಬೇಕು ಅಂತಿದ್ದಾರೆ. ಮೊದಲ ಕರಡಿನಲ್ಲಿ ಹೀಗೆ ಬರೆಯುತ್ತಾರೆ: "ಕೆನಡಾದಲ್ಲಿ ತಯಾರಿಕಾ ಉದ್ಯಮ ಬಹಳ ದೊಡ್ಡದು. ಅದರಲ್ಲಿ ಶೇ 1 ನಮಗೆ ಬಂದರೂ ಸಾಕು." ಈ ಸಾಲನ್ನು ಯಾರು ಬೇಕಾದರೂ ಯಾವ ವ್ಯಾಪಾರಕ್ಕೆ ಬೇಕಾದರೂ ಬರೆಯಬಹುದು. ಓದಿದವರಿಗೆ ಏನೂ ಗೊತ್ತಾಗುವುದಿಲ್ಲ.

ಅವರು ಮಾಡಬೇಕಾದ್ದು ಫೋನ್ ಹಿಡಿಯುವುದು. ಆ ಭಾಗದ ಶಾಪ್‌ಗಳ ಪಟ್ಟಿ ಮಾಡಿ, ಒಂದೊಂದಕ್ಕೂ ಕರೆ ಮಾಡಿ, ನಿಮ್ಮ ಟೂಲ್ ಈಗ ಎಲ್ಲಿ ಸಾಣೆಗೆ ಹೋಗುತ್ತದೆ, ವಾಪಸ್ ಬರಲು ಎಷ್ಟು ದಿನ, ಒಂದಕ್ಕೆ ಎಷ್ಟು ಕೊಡುತ್ತೀರಿ ಅಂತ ಕೇಳಿ, ಉತ್ತರವನ್ನು ತಾರೀಕಿನ ಸಮೇತ ಒಂದು ಶೀಟ್‌ನಲ್ಲಿ ಬರೆದಿಡಬೇಕು. ಮೂವತ್ತು ಕಡೆ ಕೇಳಿದರೆ ಇಪ್ಪತ್ತು ಕಡೆ ಮಾತಾಡುವುದೇ ಇಲ್ಲ, ಪರವಾಗಿಲ್ಲ. ಉಳಿದ ಹತ್ತರಲ್ಲಿ ಮೂರು ಜನ "ಎರಡು ವಾರ ಕಾಯಬೇಕು, ನೀವು ಮೂರು ದಿನದಲ್ಲಿ ಕೊಟ್ಟರೆ ನೋಡೋಣ" ಅಂತ ತಮ್ಮ ಲೆಟರ್‌ಹೆಡ್‌ನಲ್ಲಿ ಬರೆದು ಕೊಟ್ಟರೆ, ಆ ಮೂರು ಹಾಳೆ ಇಪ್ಪತ್ತು ಪುಟದ ಮಾರುಕಟ್ಟೆ ವಿವರಣೆಗಿಂತ ಜಾಸ್ತಿ ಕೆಲಸ ಮಾಡುತ್ತವೆ. ಅದರ ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಕೆನಡಾದ ಅಂಕಿ ಅಂಶ ಉಚಿತವಾಗಿ ಸಿಗುತ್ತದೆ, ಸಂಬಳದ ದರ ಸರ್ಕಾರದ ಜಾಬ್ ಬ್ಯಾಂಕ್‌ನಲ್ಲಿ ಸಿಗುತ್ತದೆ, ಪ್ಲಾನ್‌ನ ಚೌಕಟ್ಟು ಬೇಕಿದ್ದರೆ ಬಿಡಿಸಿ (ಬಿಸಿನೆಸ್ ಡೆವಲಪ್‌ಮೆಂಟ್ ಬ್ಯಾಂಕ್ ಆಫ್ ಕೆನಡಾ) ಅನ್ನುವ ಬ್ಯಾಂಕಿನವರದು ಉಚಿತವಾಗಿದೆ. ಇದಕ್ಕೆಲ್ಲ ಯಾರಿಗೂ ದುಡ್ಡು ಕೊಡಬೇಕಾಗಿಲ್ಲ.

ಲಾಭದ ಭಾಗವನ್ನೂ ಇದೇ ಥರ ಬರೆಯಿರಿ. "ಹಲವರಿಗೆ ಉದ್ಯೋಗ ಕೊಡುತ್ತೇವೆ" ಅನ್ನುವ ಬದಲು, ಆರನೇ ತಿಂಗಳಲ್ಲಿ ಒಬ್ಬ ಟೂಲ್ ಗ್ರೈಂಡರ್, ಹನ್ನೆರಡನೇ ತಿಂಗಳಲ್ಲಿ ಅರ್ಧ ದಿನದ ಡ್ರೈವರ್, ಗಂಟೆಗೆ ಇಷ್ಟು, ಯಾರು ಕಲಿಸುತ್ತಾರೆ, ಎಷ್ಟು ವಾರ. ಎರಡೇ ಹುದ್ದೆ ಆದರೂ ನಂಬುವ ಹಾಗಿದ್ದರೆ ಸಾಕು. ಹತ್ತು ಅಂತ ಬರೆದು ಸಂಬಳದ ಸಾಲಿನಲ್ಲಿ ಇಬ್ಬರದ್ದೇ ದುಡ್ಡು ಇಟ್ಟರೆ ಸಿಕ್ಕಿಬೀಳುತ್ತೀರಿ.

ದುಡ್ಡಿನ ಪುಟಗಳು

ಇಲ್ಲಿ ಸ್ವಲ್ಪ ನಿಧಾನ ಮಾಡಿ, ಯಾಕಂದರೆ ಹೆಚ್ಚಿನ ಪ್ಲಾನ್‌ಗಳು ಎಡವುವುದು ಇಲ್ಲೇ.

ಬಾಡಿಗೆ ತಗೊಳ್ಳಿ. ಒಂಟಾರಿಯೊದಲ್ಲಿ ಅಂಗಡಿ ಅಥವಾ ಯೂನಿಟ್‌ನ ಬಾಡಿಗೆಯನ್ನು ಹೆಚ್ಚಾಗಿ ಚದರಡಿಗೆ ವರ್ಷಕ್ಕೆ ಇಷ್ಟು ಅಂತ ಹೇಳುತ್ತಾರೆ, ತಿಂಗಳಿಗೆ ಅಲ್ಲ. ಅದರ ಮೇಲೆ ಟಿಎಂಐ ಅಂತ ಬೇರೆ ಇರುತ್ತದೆ, ಅಂದರೆ ಕಟ್ಟಡದ ತೆರಿಗೆ, ನಿರ್ವಹಣೆ, ವಿಮೆ. 2,000 ಚದರಡಿ, 16 ಡಾಲರ್ ಬಾಡಿಗೆ, 5 ಡಾಲರ್ ಟಿಎಂಐ ಅಂದುಕೊಳ್ಳಿ. ವರ್ಷಕ್ಕೆ 42,000, ತಿಂಗಳಿಗೆ 3,500. ಅದರ ಮೇಲೆ ಶೇ 13 ಎಚ್‌ಎಸ್‌ಟಿ (ಮಾರಾಟ ತೆರಿಗೆ) ಸೇರಿ 3,955 ಡಾಲರ್ ಪ್ರತಿ ತಿಂಗಳು ಕೈಯಿಂದ ಹೋಗುತ್ತದೆ. ಎಚ್‌ಎಸ್‌ಟಿಗೆ ನೋಂದಣಿ ಮಾಡಿಸಿದ್ದರೆ ಆ ಭಾಗವನ್ನು ಆಮೇಲೆ ವಾಪಸ್ ಪಡೆಯಬಹುದು, ಆದರೆ ಮೊದಲು ಕಟ್ಟಲೇಬೇಕು. ನೋಂದಣಿ ಕಡ್ಡಾಯ ಆಗುವುದು ವ್ಯಾಪಾರ ನಾಲ್ಕು ತ್ರೈಮಾಸಿಕದಲ್ಲಿ 30,000 ಡಾಲರ್ ದಾಟಿದಾಗ. ಟಿಎಂಐ ಬಿಟ್ಟು ಸುಮ್ನೆ 32,000 ಅಂತ ಬರೆದವರ ಪ್ಲಾನ್‌ನಲ್ಲಿ ಮೊದಲ ವರ್ಷವೇ 10,000 ಡಾಲರ್ ಕಾಣೆಯಾಗಿರುತ್ತದೆ.

ಸಂಬಳವೂ ಹಾಗೇ. ಗಂಟೆಗೆ 25 ಡಾಲರ್, ವಾರಕ್ಕೆ 40 ಗಂಟೆ ಅಂದರೆ ವರ್ಷಕ್ಕೆ 52,000. ಅಲ್ಲಿಗೇ ನಿಲ್ಲಿಸಬೇಡಿ. ನೌಕರನ ಸಂಬಳದಲ್ಲಿ ಹಿಡಿದ ಸಿಪಿಪಿಗೆ (ಸರ್ಕಾರದ ಪಿಂಚಣಿ) ಅಷ್ಟೇ ಮೊತ್ತ ಮಾಲೀಕರೂ ಸೇರಿಸಬೇಕು, ಇಐಗೆ (ನಿರುದ್ಯೋಗ ವಿಮೆ) ನೌಕರ ಕೊಟ್ಟದ್ದರ 1.4 ಪಟ್ಟು ಸೇರಿಸಬೇಕು. ಕೆಲಸದ ಜಾಗದ ಅಪಘಾತ ವಿಮೆ ಬೇರೆ.

ಲಾಭ ನಷ್ಟದ ಪಟ್ಟಿಗಿಂತ ನಾನು ಮೊದಲು ನೋಡುವುದು ತಿಂಗಳ ತಿಂಗಳ ನಗದಿನ ಪಟ್ಟಿಯನ್ನು. ಸಾಣೆ ಶಾಪ್‌ನವರು ಏಪ್ರಿಲ್‌ನಲ್ಲಿ 6,000 ಡಾಲರ್ ಬಿಲ್ ಮಾಡುತ್ತಾರೆ ಅಂತಿಟ್ಟುಕೊಳ್ಳಿ. ಗಿರಾಕಿ ಕಂಪನಿ ದುಡ್ಡು ಕೊಡುವುದು ನಲವತ್ತೈದು ದಿನಕ್ಕೆ. ಏಪ್ರಿಲ್ ಸಾಲಿನಲ್ಲಿ ಒಳಗೆ ಬಂದದ್ದು ಸೊನ್ನೆ, ಮೇನಲ್ಲಿ ಒಂದಿಷ್ಟು, ಜೂನ್‌ನಲ್ಲಿ ಉಳಿದದ್ದು. ಬಾಡಿಗೆ, ಸಂಬಳ ಮಾತ್ರ ಏಪ್ರಿಲ್‌ನಿಂದಲೇ ಹೋಗುತ್ತಿರುತ್ತದೆ. ಈ ಮೂರು ತಿಂಗಳ ಹಳ್ಳವನ್ನು ಪಟ್ಟಿಯಲ್ಲಿ ಮುಚ್ಚಿಡದೆ ತೋರಿಸಿ, ಅದನ್ನು ತುಂಬುವ ದುಡ್ಡು ಯಾವ ಖಾತೆಯಲ್ಲಿದೆ ಅಂತ ಪಕ್ಕದಲ್ಲೇ ಬರೆಯಿರಿ. ವ್ಯಾಪಾರ ಮಾಡಿ ಗೊತ್ತಿರುವವರು ಬರೆದದ್ದು ಅಂತ ಓದುವವರಿಗೆ ಆಗ ಅನ್ನಿಸುತ್ತದೆ. ಮೊದಲ ತಿಂಗಳಿಂದಲೇ ಲಾಭ ತೋರಿಸುವ ಪಟ್ಟಿ ಅನುಮಾನ ಹುಟ್ಟಿಸುತ್ತದೆ.

ಬಂಡವಾಳ ಎಲ್ಲಿಂದ ಬಂತು ಅನ್ನುವುದಕ್ಕೆ ಕಾಗದ ಬೇಕು. ಭಾರತದಿಂದ ತರುವುದಾದರೆ, ಅಲ್ಲಿ ವಾಸವಿರುವ ಒಬ್ಬರು ಒಂದು ಹಣಕಾಸು ವರ್ಷದಲ್ಲಿ ಎಲ್‌ಆರ್‌ಎಸ್ (ವಿದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ) ಅಡಿ ಕಳಿಸಬಹುದಾದ್ದು 2,50,000 ಅಮೆರಿಕನ್ ಡಾಲರ್‌ವರೆಗೆ. ಅಪ್ಪ ಜಮೀನು ಮಾರಿ ಕೊಟ್ಟಿದ್ದರೆ ಕ್ರಯಪತ್ರ, ದುಡ್ಡು ಅವರ ಖಾತೆಗೆ ಬಂದದ್ದು, ಅಲ್ಲಿಂದ ನಿಮ್ಮ ಖಾತೆಗೆ ಬಂದದ್ದು, ಉಡುಗೊರೆ ಪತ್ರ, ಎಲ್ಲ ಕೊಂಡಿಯೂ ಇರಲಿ. ಅರ್ಜಿಗೆ ಹದಿನೈದು ದಿನ ಮುಂಚೆ ಖಾತೆಗೆ ದಿಢೀರ್ ಅಂತ ಬಿದ್ದ ದೊಡ್ಡ ಮೊತ್ತಕ್ಕೆ ವಿವರಣೆ ಇಲ್ಲದಿದ್ದರೆ ಕಷ್ಟ. ಮನೆ ಖರ್ಚಿನ ದುಡ್ಡನ್ನು ಬಂಡವಾಳದಿಂದ ಬೇರೆಯಾಗಿ ತೋರಿಸಿ.

ನಮ್ಮವರಿಗೆ ವಿಶೇಷವಾಗಿ ಹೇಳಬೇಕಾದ್ದು: ಪಹಣಿ, ಕ್ರಯಪತ್ರ, ಪಂಚಾಯಿತಿ ಕಾಗದ ಎಲ್ಲ ಕನ್ನಡದಲ್ಲಿ ಇರುತ್ತವೆ. ಇಂಗ್ಲಿಷ್ ಅಥವಾ ಫ್ರೆಂಚ್‌ಗೆ ಅನುವಾದ ಮಾಡಿಸಲೇಬೇಕು. ಅದನ್ನು ನೀವಾಗಲಿ, ನಿಮ್ಮ ಮನೆಯವರಾಗಲಿ, ನೆಂಟರಾಗಲಿ ಮಾಡುವ ಹಾಗಿಲ್ಲ, ಅವರು ವೃತ್ತಿಯಿಂದ ಅನುವಾದಕರೇ ಆಗಿದ್ದರೂ ಸರಿ. ಮಾನ್ಯತೆ ಇಲ್ಲದ ಅನುವಾದಕರಾದರೆ ಅವರ ಅಫಿಡವಿಟ್ ಜೊತೆಗಿರಬೇಕು.

ಕಂಪನಿ, ಜಾಗ, ನಿಮ್ಮ ಬಗ್ಗೆ

ಸುಮ್ನೆ ಕಾಗದದ ಮೇಲೆ ಕನಸು ಬರೆದಿಲ್ಲ, ಆಗಲೇ ಕೈ ಹಾಕಿದ್ದೀರಿ ಅಂತ ಕಾಣಬೇಕು. ಕಂಪನಿ ನೋಂದಣಿ, ಸಿಆರ್‌ಎ (ಕೆನಡಾದ ತೆರಿಗೆ ಇಲಾಖೆ) ಕೊಡುವ ಒಂಬತ್ತು ಅಂಕಿಯ ಬಿಸಿನೆಸ್ ನಂಬರ್, ಮೆಷಿನ್‌ನ ಕೊಟೇಶನ್, ಇವನ್ನೆಲ್ಲ ಸೇರಿಸಿ. ಕಂಪನಿಯನ್ನು ಫೆಡರಲ್ ಕಾನೂನಿನಲ್ಲಿ ನೋಂದಾಯಿಸಿದರೆ ನಿರ್ದೇಶಕರಲ್ಲಿ ಕನಿಷ್ಠ ಶೇ 25 ಜನ ಕೆನಡಾದಲ್ಲಿ ವಾಸವಿರುವ ನಾಗರಿಕರು ಅಥವಾ ಪಿಆರ್ ಇರುವವರಾಗಿರಬೇಕು, ನಾಲ್ಕಕ್ಕಿಂತ ಕಡಿಮೆ ಇದ್ದರೆ ಒಬ್ಬರಾದರೂ. ವರ್ಕ್ ಪರ್ಮಿಟ್ ಮೇಲಿರುವವರು ಆ ಲೆಕ್ಕಕ್ಕೆ ಬರುವುದಿಲ್ಲ. ಒಂಟಾರಿಯೊ ಈ ನಿಯಮವನ್ನು 2021ರ ಜುಲೈಯಲ್ಲಿ ತೆಗೆದುಹಾಕಿದೆ, ಬ್ರಿಟಿಷ್ ಕೊಲಂಬಿಯಾದಲ್ಲೂ ಇಲ್ಲ. ಪರಿಚಯದವರೊಬ್ಬರನ್ನು ಹೆಸರಿಗೆ ನಿರ್ದೇಶಕರನ್ನಾಗಿ ಮಾಡಿಕೊಂಡು ಆಮೇಲೆ ಮನಸ್ತಾಪ ಕಟ್ಟಿಕೊಳ್ಳುವುದಕ್ಕಿಂತ ಪ್ರಾಂತ್ಯದ ಕಾನೂನಿನಲ್ಲಿ ನೋಂದಾಯಿಸುವುದು ವಾಸಿ.

ಜಾಗದ ಕರಾರಿಗೆ ಸಹಿ ಹಾಕುವ ಮುಂಚೆ ಎರಡು ಕೆಲಸ. ಆ ಜಾಗದಲ್ಲಿ ನಿಮ್ಮ ಉದ್ಯೋಗಕ್ಕೆ ಝೋನಿಂಗ್ ಒಪ್ಪುತ್ತದಾ ಅಂತ ನಗರಸಭೆಯಲ್ಲಿ ಕೇಳಿ. ವರ್ಕ್ ಪರ್ಮಿಟ್ ಸಿಕ್ಕರೆ ಮಾತ್ರ ಕರಾರು ಜಾರಿ ಅನ್ನುವ ಷರತ್ತನ್ನು ವಕೀಲರ ಕೈಲಿ ಬರೆಸಿ. ಇದು ಇಲ್ಲದೆ ಐದು ವರ್ಷದ ಕರಾರಿಗೆ ಸಹಿ ಹಾಕಿ, ಅರ್ಜಿ ತಿರಸ್ಕಾರ ಆದರೆ ಬಾಡಿಗೆ ಮಾತ್ರ ತಲೆ ಮೇಲೆ ಉಳಿಯುತ್ತದೆ.

ನಿಮ್ಮ ಅನುಭವದ ಭಾಗ ಚಿಕ್ಕದಾಗಿದ್ದರೂ ಗಟ್ಟಿಯಾಗಿರಲಿ. ಹಳೆಯ ಜಿಎಸ್‌ಟಿ ರಿಟರ್ನ್, ಆದಾಯ ತೆರಿಗೆ ರಿಟರ್ನ್, ಹಳೆಯ ಗಿರಾಕಿಗಳ ಪತ್ರ. ತಾರೀಕುಗಳು ಫಾರಂನಲ್ಲಿ, ರೆಸ್ಯೂಮೆಯಲ್ಲಿ, ಪ್ಲಾನ್‌ನಲ್ಲಿ ಒಂದಕ್ಕೊಂದು ತಾಳೆ ಆಗಬೇಕು. ಪರ್ಮಿಟ್ ಮುಗಿದ ಮೇಲೆ ಬಿಸಿನೆಸ್ ಯಾರು ನೋಡಿಕೊಳ್ಳುತ್ತಾರೆ, ಮಾರುತ್ತೀರಾ, ಮ್ಯಾನೇಜರ್ ಇಡುತ್ತೀರಾ ಅಂತ ಅರ್ಧ ಪುಟ ಬರೆಯಿರಿ. ಮುಂದೆ ಪಿಆರ್‌ಗೆ ಹಾಕುವ ಆಸೆ ಇರುವುದು ತಪ್ಪಲ್ಲ, ಕಾನೂನೇ ಅದನ್ನು ಒಪ್ಪುತ್ತದೆ, ಆದರೆ ಪರ್ಮಿಟ್ ತಾತ್ಕಾಲಿಕ ಅನ್ನುವುದು ನಿಮಗೆ ಗೊತ್ತಿದೆ ಅಂತ ಕಾಣಬೇಕು.

ಬರೆದುಕೊಡುತ್ತೇವೆ ಅನ್ನುವವರು

ಇದನ್ನು ಕೈಮುಗಿದು ಹೇಳುತ್ತೇನೆ. ಸಿದ್ಧ ಪ್ಲಾನ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಒಮ್ಮೆ ನನಗೆ ಓದಲು ಕೊಟ್ಟ ಪ್ಲಾನ್‌ನ ಹನ್ನೊಂದನೇ ಪುಟದಲ್ಲಿ ಇನ್ಯಾರದೋ ಕಂಪನಿಯ ಹೆಸರು, ಬೇರೆ ಊರಿನ ಹೆಸರು ಹಾಗೇ ಉಳಿದಿತ್ತು. ಆ ಮನೆಯವರು ಅದಕ್ಕೆ ದೊಡ್ಡ ಮೊತ್ತ ಕೊಟ್ಟಿದ್ದರು, ಆ ಪುಟವನ್ನು ಓದಿಯೇ ಇರಲಿಲ್ಲ. ಅರ್ಜಿಯಲ್ಲಿ ಸುಳ್ಳು ಇದ್ದರೆ, ಬರೆದವರು ಯಾರೇ ಆಗಿರಲಿ, ಹೊಣೆ ನಿಮ್ಮದೇ. ವಲಸೆ ಕಾಯಿದೆಯ 40ನೇ ಕಲಂ ಪ್ರಕಾರ ಐದು ವರ್ಷ ಕೆನಡಾದ ಬಾಗಿಲು ಮುಚ್ಚಬಹುದು.

ಸಲಹೆ ಬೇಕಾದರೆ ಖಂಡಿತ ತಗೊಳ್ಳಿ. ವಕೀಲರಾದರೆ ಅವರ ಪ್ರಾಂತ್ಯದ ಲಾ ಸೊಸೈಟಿಯಲ್ಲಿ, ಕನ್ಸಲ್ಟೆಂಟ್ ಆದರೆ ಕಾಲೇಜ್ ಆಫ್ ಇಮಿಗ್ರೇಷನ್ ಆಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಸಾರ್ವಜನಿಕ ಪಟ್ಟಿಯಲ್ಲಿ ಹೆಸರು ಇದೆಯಾ ನೋಡಿ. ದುಡ್ಡು ತಗೊಂಡೂ ಅರ್ಜಿಯಲ್ಲಿ ತಮ್ಮ ಹೆಸರು ಹಾಕಬೇಡಿ ಅನ್ನುವವರ ಹತ್ತಿರ ಹೋಗಲೇಬೇಡಿ. ಅಕೌಂಟೆಂಟ್ ಲೆಕ್ಕ ನೋಡಲಿ, ಇಂಗ್ಲಿಷ್ ಬಲ್ಲವರು ಭಾಷೆ ತಿದ್ದಲಿ, ಅಂಕಿ ಮತ್ತು ಯೋಚನೆ ನಿಮ್ಮದಾಗಿರಲಿ. ಸಂದರ್ಶನಕ್ಕೆ ಕರೆದರೆ ಬಾಡಿಗೆ ಎಷ್ಟು ಅಂತ ಕೇಳುವುದು ನಿಮ್ಮನ್ನೇ.

ಕಳಿಸಿದ ಪ್ಲಾನ್‌ನ ಪ್ರತಿಯನ್ನು, ಜೊತೆಗಿಟ್ಟ ಎಲ್ಲ ಕಾಗದದ ಸಮೇತ, ಒಂದೇ ಫೋಲ್ಡರ್‌ನಲ್ಲಿ ಇಟ್ಟುಕೊಳ್ಳಿ. ಪರ್ಮಿಟ್ ಬಂದ ದಿನದಿಂದ ಬಾಡಿಗೆ ರಸೀತಿ, ಪೇರೋಲ್, ಟಿ4 (ನೌಕರರಿಗೆ ಕೊಡುವ ವರ್ಷದ ಸಂಬಳದ ಚೀಟಿ), ತೆರಿಗೆ ಕಾಗದ ಅದೇ ಫೋಲ್ಡರ್‌ಗೆ ಹೋಗಲಿ. ಪರ್ಮಿಟ್ ಮುಂದುವರಿಸಲು ಹಾಕಿದಾಗ, ಆರನೇ ತಿಂಗಳಲ್ಲಿ ಒಬ್ಬರನ್ನು ತಗೊಳ್ಳುತ್ತೇವೆ ಅಂತ ಬರೆದಿದ್ದೀರಲ್ಲ, ತಗೊಂಡಿರಾ ಅನ್ನುವ ಪ್ರಶ್ನೆ ಬರಬಹುದು. ಎಂಟನೇ ತಿಂಗಳಲ್ಲಿ ತಗೊಂಡಿದ್ದರೆ ಯಾಕೆ ತಡವಾಯಿತು ಅಂತ ಆಗಲೇ ಒಂದು ಚೀಟಿ ಬರೆದು, ತಾರೀಕು ಹಾಕಿ, ಅಲ್ಲೇ ಇಟ್ಟಿರಿ.