ಕಳ್ಳಿಪೀರದ ಮನೆಗೆ ಬಂದ ಮೂರನೆಯದು

ಹಕ್ಕಿ ನೋಡುವ ಹುಚ್ಚು ನನಗೆ ಹತ್ತಿದ್ದು ಗೀಜಗನಿಂದ. ನಮ್ಮೂರ ಹಳೇ ಬಾವಿಯ ಮೇಲೆ ಬಾಗಿದ ಒಂದು ಈಚಲು ಮರ ಇದೆ. ಮುಂಗಾರು ಶುರುವಾದರೆ ಸಾಕು, ಅದರಲ್ಲಿ ಇಪ್ಪತ್ತಕ್ಕೂ ಜಾಸ್ತಿ ಗೂಡು ನೇತಾಡುತ್ತವೆ. ಒಂದೇ ಮರ, ಅಷ್ಟೊಂದು ಸಂಸಾರ. ಒಂದಕ್ಕೊಂದು ನೆರವಾಗಿ ಬಾಳುತ್ತವೆ ಅಂತ ನಾನು ಅಂದುಕೊಂಡಿದ್ದೆ.

ಎರಡು ಮಳೆಗಾಲ ಕೂತು ನೋಡಿದ ಮೇಲೆ ಆ ಭ್ರಮೆ ಹೋಯಿತು. ಗೂಡು ನೇಯುವುದು ಗಂಡು. ಅರ್ಧ ನೇಯ್ದು ಹೆಲ್ಮೆಟ್ ಆಕಾರಕ್ಕೆ ಬಂದಾಗ ಹೆಣ್ಣು ಬಂದು ಪರೀಕ್ಷೆ ಮಾಡುತ್ತದೆ. ಹಿಡಿಸದಿದ್ದರೆ ಗೂಡು ಅಷ್ಟಕ್ಕೇ ನಿಲ್ಲುತ್ತದೆ. ಹಿಡಿಸಿದರೆ ಗಂಡು ಉದ್ದನೆಯ ಕೊಳವೆ ನೇಯ್ದು ಮುಗಿಸಿ, ಪಕ್ಕದ ಗರಿಯಲ್ಲಿ ಇನ್ನೊಂದು ಹೆಣ್ಣಿಗಾಗಿ ಇನ್ನೊಂದು ಗೂಡು ಶುರು ಮಾಡುತ್ತದೆ. ಕಾವು ಕೂರುವ ಕೆಲಸ ಹೆಣ್ಣಿನದ್ದೇ. ನೆರೆಯ ಗೂಡಿನಿಂದ ನಾರು ಕದಿಯುವುದಂತೂ ದಿನದ ಮಾತು. ಪಕ್ಷಿತಜ್ಞ ಸಲೀಂ ಅಲಿ ಮುಂಬೈ ಹತ್ತಿರದ ಕಿಹಿಂನಲ್ಲಿ ಗೀಜಗನ ಈ ಸಂಸಾರವನ್ನು ನೋಡಿ 1931ರಲ್ಲೇ ಬರೆದಿದ್ದಾರೆ. ನಾನು ಓದದೆ ಹೊರಟವನು, ಹಾಗಾಗಿ ಎರಡು ವರ್ಷ ಬೇಕಾಯಿತು.

ನೆರವು ಅನ್ನುವುದನ್ನು ನಾನು ಕಂಡದ್ದು ಬೇರೆ ಕಡೆ, ಹಳ್ಳದ ದಂಡೆಯಲ್ಲಿ. ಅಲ್ಲಿ ಮಾರ್ಚ್‌ನಲ್ಲಿ ಕಳ್ಳಿಪೀರಗಳು ಮೊಟ್ಟೆ ಇಡಲು ಬಿಲ ಕೊರೆಯುತ್ತವೆ. ಗುಬ್ಬಿಗಿಂತ ತೆಳ್ಳಗಿನ ಹಸಿರು ಹಕ್ಕಿ, ಕಣ್ಣಿನ ಮೇಲೆ ಕಪ್ಪು ಪಟ್ಟಿ, ಬಾಲದಲ್ಲಿ ಎರಡು ಸೂಜಿಯಂಥ ಗರಿ. ಜೇನುಹುಳ ಹಿಡಿದು ತಂದು ಕೊಂಬೆಗೆ ಬಡಿದು ಬಡಿದು ಕೊಂಡಿ ತೆಗೆಯುವ ಗತ್ತು ನೋಡಬೇಕು. ಆ ವರ್ಷ ಮೂವತ್ತು ಅಡಿ ದಂಡೆಯಲ್ಲಿ ಆರು ಬಿಲ ಇದ್ದವು. ಪ್ರತಿಯೊಂದಕ್ಕೂ ನೋಟ್‌ಬುಕ್‌ನಲ್ಲಿ ಚಿತ್ರ ಬರೆದು ನಂಬರ್ ಹಾಕಿದೆ.

ಮೊದಲ ವಾರ ಪೂರ್ತಿ ದಂಡ. ಬಿಲಗಳಿಗೆ ಎದುರಾಗಿ, ಚೆನ್ನಾಗಿ ಕಾಣುವ ಜಾಗದಲ್ಲಿ ಕುರ್ಚಿ ಹಾಕಿ ಕೂತಿದ್ದೆ. ಹಕ್ಕಿ ಬಾಯಲ್ಲಿ ಹುಳ ಹಿಡಿದು ತಂತಿ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಕೊನೆಗೆ ಹುಳ ತಾನೇ ನುಂಗಿ ಹಾರಿಹೋಗುತ್ತಿತ್ತು. ಒಂದು ದಿನ ಬಿಸಿಲು ಅಂತ ಸುಮ್ನೆ ಜಾಲಿ ಮರದ ಹಿಂದಕ್ಕೆ ಹೋದೆ. ಅಲ್ಲಿಂದ ನನಗೆ ಹಕ್ಕಿ ಕಾಣುತ್ತಿತ್ತು, ಬಿಲದ ಬಾಯಿ ಕಾಣುತ್ತಿರಲಿಲ್ಲ. ತಕ್ಷಣ ಒಳಗೆ ಹೋಯಿತು! ದೂರ ಹೆಚ್ಚೂಕಡಿಮೆ ಅಷ್ಟೇ. ನಾನು ಎಲ್ಲಿದ್ದೇನೆ ಅನ್ನುವುದಕ್ಕಿಂತ ನನಗೆ ಏನು ಕಾಣುತ್ತದೆ ಅನ್ನುವುದು ಅದಕ್ಕೆ ಮುಖ್ಯವಾಗಿತ್ತು. ಪುಣೆಯ ವಿಜ್ಞಾನಿ ಮಿಲಿಂದ್ ವಾಟ್ವೆ ಮತ್ತು ಜೊತೆಗಾರರು ಇದನ್ನೇ ಪರೀಕ್ಷೆ ಮಾಡಿ 2002ರಲ್ಲಿ ಪ್ರಕಟಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಹಕ್ಕಿಗೆ ನಮ್ಮ ಕಣ್ಣಿನ ಲೆಕ್ಕ ಗೊತ್ತಿದೆ ಅಂದರೆ ಒಂಥರಾ ನಾಚಿಕೆ ಆಗುತ್ತದೆ, ಅಲ್ವಾ?

ಆಮೇಲೆ ಗೋಣಿಚೀಲ ಹೊಲಿದು ಸಣ್ಣ ಮರೆ ಮಾಡಿದೆ. ಅದನ್ನು ನೆಟ್ಟು ಮೂರು ದಿನ ಆ ಕಡೆ ಸುಳಿಯಲಿಲ್ಲ, ಹಕ್ಕಿಗೆ ಅಭ್ಯಾಸ ಆಗಲಿ ಅಂತ. ನಾಲ್ಕನೇ ದಿನ ಕತ್ತಲಿರುವಾಗಲೇ ಹೋಗಿ ಒಳಗೆ ಸೇರಿದೆ. ಮುಖದ ಮುಂದೆ ಬೈನಾಕ್ಯುಲರ್ ತೂರುವಷ್ಟು ಕಿಂಡಿ. ಬೆಳಗ್ಗೆ ಒಂಬತ್ತರವರೆಗೆ ಮಾತ್ರ ಕೂರುತ್ತಿದ್ದೆ. ಆಮೇಲೆ ಗೋಣಿಯೊಳಗೆ ನಾನೇ ಬೇಯುತ್ತಿದ್ದೆ.

ಇನ್ನೊಂದು ತೊಡಕು ಬಾಕಿ ಇತ್ತು. ಕಳ್ಳಿಪೀರದಲ್ಲಿ ಗಂಡು ಹೆಣ್ಣು ಒಂದೇ ಥರ. ಕಾಲಿಗೆ ಬಣ್ಣದ ಬಳೆ ತೊಡಿಸಲು ಅನುಮತಿ ಬೇಕು, ತರಬೇತಿ ಬೇಕು. ನನ್ನಲ್ಲಿ ಎರಡೂ ಇಲ್ಲ. ಯಾವುದು ಯಾವ ಹಕ್ಕಿ ಅಂತ ಗುರುತಿಸುವುದು ಹೇಗೆ? ಬಾಲದ ಸೂಜಿಗರಿ ಮುರಿದವು ಒಂದೆರಡು ಸಿಕ್ಕವು, ಅಷ್ಟೇ. ಕೊನೆಗೆ ಗುರುತಿಸುವ ಆಸೆಯನ್ನೇ ಬಿಟ್ಟು ಎಣಿಸಲು ಕೂತೆ. ಒಂದೇ ಬಿಲದ ಹತ್ತಿರ, ಒಂದೇ ಹೊತ್ತಿಗೆ, ಎಷ್ಟು ಹಕ್ಕಿಗಳ ಬಾಯಲ್ಲಿ ಹುಳ ಇದೆ? ಮರಿಗಳಿಗೆ ಅಪ್ಪ ಅಮ್ಮ ಎರಡೇ. ಮೂರನೆಯದು ಹುಳ ತಂದರೆ ಅದು ನೆರವಿಗೆ ಬಂದದ್ದು.

ಏಪ್ರಿಲ್‌ನ ಒಂದು ಬೆಳಗ್ಗೆ ನಾಲ್ಕನೇ ನಂಬರಿನ ಮುಂದಿನ ಒಣ ಕಡ್ಡಿಯ ಮೇಲೆ ಮೂರು ಕೂತಿದ್ದವು. ಒಂದರ ಬಾಯಲ್ಲಿ ಏರೋಪ್ಲೇನ್ ಚಿಟ್ಟೆ, ಉಳಿದೆರಡರಲ್ಲಿ ಜೇನುಹುಳ. ಒಂದಾದ ಮೇಲೆ ಒಂದು ಒಳಗೆ ಹೋಗಿ ಖಾಲಿ ಕೊಕ್ಕಿನಲ್ಲಿ ಹೊರಗೆ ಬಂದವು. ಎದೆ ಹೊಡೆದುಕೊಂಡಿತು. ಆದರೆ ಮೂರನೇ ನಂಬರಿನ ಹಕ್ಕಿಯೇ ದಾರಿ ತಪ್ಪಿ ಬಂದಿರಬಾರದೇಕೆ? ಅಂದಿನಿಂದ ಒಂದು ನಿಯಮ ಮಾಡಿಕೊಂಡೆ. ಮೂರನೆಯದು ಬಿಲದೊಳಗೆ ಹೋಗಿ ಹುಳ ಬಿಟ್ಟು ಬರಬೇಕು. ಬೇರೆ ಬೇರೆ ದಿನ ಕನಿಷ್ಠ ಐದು ಸಲ ಹಾಗೆ ಆಗಬೇಕು. ಆಗಷ್ಟೇ ಲೆಕ್ಕಕ್ಕೆ. ಆರರಲ್ಲಿ ಎರಡು ಬಿಲ ಪಾಸಾದವು.

ಈ ಮೂರನೆಯದು ಯಾರು? ಹಳೇ ವರ್ಷದ ಮಗನೋ, ಗೂಡು ಕೆಟ್ಟ ನೆಂಟನೋ, ನನ್ನ ನೋಟ್‌ಬುಕ್ ಹೇಳಲಾರದು. ಕೀನ್ಯಾದ ನಕುರು ಬಳಿ ಬಿಳಿಹಣೆಯ ಕಳ್ಳಿಪೀರಗಳ ಮೇಲೆ ಸ್ಟೀಫನ್ ಎಮ್ಲೆನ್ ಮತ್ತು ಪೀಟರ್ ರೆಗೆ ವರ್ಷಗಟ್ಟಲೆ ಕೆಲಸ ಮಾಡಿದರು. ಅಲ್ಲಿ ಹಕ್ಕಿಗಳಿಗೆ ಗುರುತು ಹಾಕಿದ್ದರಿಂದ ನೆಂಟಸ್ತಿಕೆ ಗೊತ್ತಾಯಿತು. ನೆರವಿಗೆ ಬರುವುದು ಹೆಚ್ಚಾಗಿ ಹತ್ತಿರದ ಬಂಧುಗಳೇ. ಕೆಲವು ಅಪ್ಪಂದಿರು ಮಗನ ಹೊಸ ಸಂಸಾರಕ್ಕೆ ಕಾಟ ಕೊಟ್ಟು, ಕೆಡಿಸಿ, ಅವನನ್ನು ತಮ್ಮ ಮರಿ ಸಾಕಲು ಕರೆತರುತ್ತವೆ! ಇದನ್ನು ಓದಿದ ದಿನ ನಮ್ಮ ಮನೆಯಲ್ಲಿ ಹೇಳಿದೆ. ಅಪ್ಪ ನಗಲಿಲ್ಲ.

ಮೂರನೇ ವರ್ಷ ಏಪ್ರಿಲ್ ಮೊದಲ ವಾರದಲ್ಲಿ ಯಾರೋ ಟ್ರ್ಯಾಕ್ಟರ್ ತಂದು ದಂಡೆಯ ಮಣ್ಣು ತುಂಬಿಕೊಂಡು ಹೋದರು. ಐದು ಬಿಲ ಹೋದವು, ಒಳಗಿದ್ದದ್ದೂ ಹೋಯಿತು. ಉಳಿದದ್ದು ತುದಿಯ ಒಂದೇ ಬಿಲ. ಮರುದಿನ ಬೆಳಗ್ಗೆ ಗೋಣಿಯೊಳಗೆ ಕೂತು ಎಣಿಸಿದೆ. ಆ ಒಂದು ಬಿಲಕ್ಕೆ ಹುಳ ತಂದು ಕಾಯುತ್ತಿದ್ದವು ನಾಲ್ಕು.